ಹನಕೆರೆಯಲ್ಲಿ ಹಿಮದ ಫೋಟೋ

ಟೊರಾಂಟೊದಲ್ಲಿರೋ ನನ್ನ ಅಕ್ಕನ ಮಗನಿಗೆ ಚಳಿಗಾಲ ಬಂತೆಂದರೆ ಒಂದು ಹುಚ್ಚು. ಬೆಳಿಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ಮನೆ ಸುತ್ತಮುತ್ತ ಬಿದ್ದ ಹಿಮದ ಫೋಟೋ ತೆಗೆದು ನನಗೆ ಕಳಿಸ್ತಾನೆ. ಅದರಲ್ಲಿ ಮನೆ, ಜನ, ಊರು ಯಾವುದೂ ಇರೋಲ್ಲ. ಹಿಮದ ಮೇಲೆ ಗಾಳಿ ಎಳೆದ ಗೆರೆ, ಕಾರಿನ ಗಾಜಿನ ಮೇಲೆ ಮೂಡಿದ ಎಲೆ ಎಲೆ ಚಿತ್ತಾರ, ಬೇಲಿ ಕಂಬದ ಮೇಲೆ ಟೋಪಿ ಥರ ಕೂತ ಹಿಮ, ಅಳಿಲು ಓಡಿಹೋದ ಹೆಜ್ಜೆ ಗುರುತು, ಇಂಥವೇ. ನೋಡೋಕೆ ಚೆನ್ನಾಗಿರುತ್ತೆ, ಸುಳ್ಳು ಯಾಕೆ ಹೇಳಲಿ.

2022ರ ಡಿಸೆಂಬರಿನಲ್ಲಿ ಹೀಗೇ ಒಂದು ಹತ್ತು ಫೋಟೋ ಕಳಿಸಿ, ಕೊನೆಗೆ ಒಂದು ಸಾಲು ಬರೆದಿದ್ದ. "ಮಾವ, ಇಂಥ ಪ್ಯಾಟರ್ನು, ಟೆಕ್ಸ್ಚರು ನಿಮ್ಮ ಹನಕೆರೇಲಿ ಎಲ್ಲಿ ಸಿಗ್ಬೇಕು ಬಿಡಿ!"

ನನಗೆ ಸ್ವಲ್ಪ ಉರೀತು. ನಮ್ಮ ಹನಕೆರೆ ಗೊತ್ತಲ್ಲ? ಬೆಂಗಳೂರಿಂದ ಮೈಸೂರಿಗೆ ರೈಲಲ್ಲಿ ಹೋಗೋರು ಮದ್ದೂರು ದಾಟಿದ ಮೇಲೆ, ಮಂಡ್ಯ ಬರೋಕೆ ಮುಂಚೆ ಒಂದು ಪುಟ್ಟ ಸ್ಟೇಷನ್ನಿನ ಹಳದಿ ಬೋರ್ಡು ನೋಡಿರ್ತೀರಿ. ಎಕ್ಸ್‌ಪ್ರೆಸ್ ರೈಲಿನೋರು ಓದೋಷ್ಟರಲ್ಲಿ ಹಿಂದೆ ಹೋಗಿಬಿಡುತ್ತೆ. ಅದೇ ನಮ್ಮೂರು. ಸುತ್ತ ಕಬ್ಬು, ಭತ್ತ, ತೆಂಗು. ಡಿಸೆಂಬರ್ ಜನವರೀಲಿ ಬೆಳಿಗ್ಗೆ ಒಂದಿಷ್ಟು ಮಂಜು. ಹಿಮ ಎಲ್ಲಿಂದ ಬರ್ಬೇಕು?

ಆದರೆ ಹಠಕ್ಕೆ ಬಿದ್ದು ಹುಡುಕಿದೆ. ಸಿಕ್ಕಿತು! ಎಲ್ಲಿ ಸಿಕ್ಕಿತು, ಅದು ಅಲ್ಲಿಗೆ ಹೇಗೆ ಬಂತು ಅನ್ನೋದೇ ಈ ಕಥೆ. ಅದಕ್ಕೆ ಮೊದಲು ಹಿಮದ ಫೋಟೋ ತೆಗೆಯೋ ಚಟ ಎಲ್ಲಿ ಶುರುವಾಯ್ತು ಅನ್ನೋದನ್ನ ಸ್ವಲ್ಪ ಹೇಳಿಬಿಡ್ತೀನಿ. ಯಾಕಂದರೆ ಇದನ್ನ ಮೊದಮೊದಲು ಮಾಡಿದವರಲ್ಲಿ ಒಬ್ಬ ನಮ್ಮ ಥರ ರೈತನೇ.

ಹಿಮದ ಹರಳಿಗೆ ಆರೇ ಮೂಲೆ ಯಾಕೆ ಅಂತ ಖಗೋಳ ವಿಜ್ಞಾನಿ ಕೆಪ್ಲರ್ 1611ರಲ್ಲೇ ಒಂದು ಪುಟ್ಟ ಪುಸ್ತಕ ಬರೆದಿದ್ದ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ನೋಡಿ ಹಿಮದ ಚಿತ್ರ ಬಿಡಿಸಿದ. ಆದರೆ ಫೋಟೋ ತೆಗೆಯೋದರಲ್ಲಿ ಹೆಸರಾದವನು ಅಮೆರಿಕದ ವರ್ಮಾಂಟ್ ರಾಜ್ಯದ ಜೆರಿಕೊ ಅನ್ನೋ ಹಳ್ಳಿಯ ವಿಲ್ಸನ್ ಬೆಂಟ್ಲಿ. ಹಸು ಸಾಕಿಕೊಂಡು ವ್ಯವಸಾಯ ಮಾಡ್ತಿದ್ದ ಮನುಷ್ಯ. ಸೂಕ್ಷ್ಮದರ್ಶಕಕ್ಕೆ ದೊಡ್ಡದೊಂದು ಕ್ಯಾಮೆರಾ ಜೋಡಿಸಿ, ಬೆಂಕಿ ಹಾಕದ ಕೊರೆಯೋ ಕೊಟ್ಟಿಗೇಲಿ ಕೂತು, ಉಸಿರು ತಾಗಿದರೆ ಎಲ್ಲಿ ಹರಳು ಕರಗುತ್ತೋ ಅಂತ ಉಸಿರು ಬಿಗಿಹಿಡಿದು 1885ರ ಜನವರಿ 15ರಂದು ಮೊದಲ ಫೋಟೋ ತೆಗೆದ. ಆಮೇಲೆ ನಲವತ್ತಾರು ವರ್ಷ ಅದೇ ಕೆಲಸ. ಐದು ಸಾವಿರಕ್ಕೂ ಹೆಚ್ಚು ಹರಳುಗಳ ಫೋಟೋ! ಅವುಗಳಲ್ಲಿ ಆರಿಸಿದ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳ ಪುಸ್ತಕ 1931ರಲ್ಲಿ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ, ಹಿಮಗಾಳೀಲಿ ನಡೆದು ಮನೆಗೆ ಬಂದವನು ನ್ಯುಮೋನಿಯಾ ಆಗಿ ತೀರಿಕೊಂಡ.

ಬೆಂಟ್ಲಿಗೆ ಹಿಮದ ಹರಳು ಅಂದರೆ ಚೆಲುವು. ಅದರಲ್ಲಿ ಚೆಲುವಿನ ಜೊತೆ ಇನ್ನೊಂದು ವಿಷಯ ಇದೆ ಅಂತ ತೋರಿಸಿದವರು ಜಪಾನಿನ ಉಕಿಚಿರೊ ನಕಾಯ. ಹೊಕ್ಕೈಡೊ ವಿಶ್ವವಿದ್ಯಾಲಯದ ತಣ್ಣನೆ ಕೋಣೇಲಿ ಮೊಲದ ಕೂದಲಿನ ತುದಿ ಮೇಲೆ 1936ರಲ್ಲಿ ಮೊದಲ ಬಾರಿಗೆ ಕೃತಕ ಹಿಮದ ಹರಳು ಬೆಳೆಸಿದರು. ಉಷ್ಣತೆ ಇಷ್ಟಿದ್ದರೆ ಸೂಜಿ ಥರ, ತೇವ ಅಷ್ಟಿದ್ದರೆ ನಕ್ಷತ್ರದ ಥರ, ಇನ್ನೊಂದು ಥರ ಇದ್ದರೆ ಬಿಲ್ಲೆಯ ಥರ ಅಂತ ಲೆಕ್ಕ ಕೊಟ್ಟರು. ಅಂದರೆ ಕೆಳಗೆ ಬಿದ್ದ ಹರಳಿನ ಆಕಾರ ನೋಡಿ ಮೇಲೆ ಮೋಡದಲ್ಲಿ ಏನು ನಡೀತಿದೆ ಅಂತ ಹೇಳಬಹುದು. ಚಿತ್ತಾರ ಬರೀ ಅಲಂಕಾರ ಅಲ್ಲ, ಅದೊಂದು ಸುದ್ದಿ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತೆ.

ಸರಿ, ಈಗ ಹನಕೆರೆಗೆ ಬರೋಣ.

2023ರ ಜನವರಿ, ಸಂಕ್ರಾಂತಿ ಕಳೆದು ಎರಡೋ ಮೂರೋ ದಿನ ಆಗಿತ್ತು. ಬೆಳಿಗ್ಗೆ ಏಳು ಗಂಟೆ ಹೊತ್ತಿಗೆ ಕ್ಯಾಮೆರಾ ಹಿಡಕೊಂಡು ಹೊರಟೆ. ಮೊದಲು ಜೇಡರ ಬಲೆ ಮೇಲಿನ ಇಬ್ಬನಿ, ಕಬ್ಬಿನ ಸೂಲಂಗಿ, ಮನೆ ಮುಂದೆ ಹಬ್ಬಕ್ಕೆ ಹಾಕಿ ಅರ್ಧ ಅಳಿಸಿದ್ದ ರಂಗೋಲಿ ಎಲ್ಲಾ ಹೊಡೆದೆ. ಎಲ್ಲರೂ ತೆಗೆಯೋ ಫೋಟೋನೇ. ಆಮೇಲೆ ನಮ್ಮ ತಗ್ಗಿನ ಗದ್ದೆ ಬದು ಹತ್ತಿದೆ ನೋಡಿ...

ಇಡೀ ಗದ್ದೆ ಬೆಳ್ಳಗಿತ್ತು. ಹಳೇ ಕಬ್ಬಿನ ಸಾಲುಗಳು ಇನ್ನೂ ಹಾಗೇ ಇದ್ದವು. ಸಾಲಿನ ದಿಣ್ಣೆ ಮೇಲೆಲ್ಲಾ ಬಿಳಿ, ನಡುವಿನ ಹಳ್ಳ ಕಪ್ಪು. ನೇಗಿಲು ಹೊಡೆದ ಹೊಲದ ಮೇಲೆ ಹಿಮ ಬಿದ್ದರೆ ಹೇಗೆ ಕಾಣುತ್ತೋ ಹಾಗೇ. ಕಬ್ಬಿನ ಕೂಳೆ ಒಂದೊಂದರ ಸುತ್ತಲೂ ಬಿಳಿ ಬಳೆ ತೊಡಿಸಿದಂಗೆ ಉಂಗುರ. ಹಸು ಕಾಲಿಟ್ಟ ಗುಳಿಯ ಅಂಚಿಗೆ ಸುಣ್ಣದ ಗೆರೆ ಎಳೆದಂಗೆ. ಮಣ್ಣು ಬಿರುಕು ಬಿಟ್ಟ ಕಡೆ ಐದು ಮೂಲೆ ಆರು ಮೂಲೆ ಬಿಲ್ಲೆಗಳು, ಪ್ರತಿ ಬಿಲ್ಲೆಯ ಅಂಚಿಗೂ ಬಿಳಿ ಕುಚ್ಚು. ಒಂದು ಕಡೆ ಕಾಲಿಟ್ಟರೆ ಮೇಲಿನ ಪದರ ಬರಕ್ ಅಂತ ಒಡೆದು, ಕೆಳಗೆ ಹಿಟ್ಟಿನಂಥ ಮಣ್ಣೊಳಗೆ ಪಾದ ಇಳೀತು. ಹಿಮದಲ್ಲಿ ನಡೆದರೆ ಹೀಗೇ ಸದ್ದು ಬರುತ್ತೆ ಅಂತ ಅಕ್ಕನ ಮಗ ಹೇಳಿದ್ದ.

ಅದು ಚೌಳು. ಪುಸ್ತಕದಲ್ಲಿ ಕ್ಷಾರ ಮಣ್ಣು, ಲವಣ ಮಣ್ಣು ಅಂತಾರೆ, ಬಡಗಣ ಕಡೆಯವರು ಸವಳು ಅಂತಾರೆ. ನಾನು ಹುಟ್ಟಿದಾಗಿಂದ ನೋಡಿದ್ದೇ. ಆದರೆ ಕ್ಯಾಮೆರಾ ಹಿಡಕೊಂಡು ಯಾವತ್ತೂ ನೋಡಿರಲಿಲ್ಲ.

ನಿಮ್ಮಲ್ಲೂ ಯಾರಾದರೂ ತೆಗೆಯೋರಿದ್ದರೆ ಒಂದೆರಡು ಮಾತು. ತುಂಬಾ ಬೇಗ ಹೋಗಬೇಡಿ, ಇಬ್ಬನಿಗೆ ಮೇಲಿನ ಉಪ್ಪು ಒದ್ದೆಯಾಗಿ ಮಾಸಲಾಗಿರುತ್ತೆ. ತುಂಬಾ ತಡವಾಗಿಯೂ ಹೋಗಬೇಡಿ, ಬಿಸಿಲು ನೆತ್ತಿಗೆ ಬಂದರೆ ನೆರಳು ಮಾಯವಾಗಿ ಎಲ್ಲಾ ಚಪ್ಪಟೆ. ಇಬ್ಬನಿ ಆರಿ, ಬಿಸಿಲು ಇನ್ನೂ ಓರೆಯಾಗಿರೋ ಒಂದು ಗಂಟೆ ಇದೆಯಲ್ಲ, ಆಗ ಮಂಡಿ ಊರಿ ಕೂರಬೇಕು. ಇನ್ನೊಂದು ವಿಷಯ, ಕ್ಯಾಮೆರಾ ಬಿಳಿಯನ್ನ ನಂಬೋದಿಲ್ಲ. ಎದುರಿಗೆ ಪೂರ್ತಿ ಬಿಳಿ ಇದ್ದರೆ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ಎಲ್ಲಾ ಬೂದಿ ಬಣ್ಣ ಮಾಡಿಬಿಡುತ್ತೆ. ಎಕ್ಸ್‌ಪೋಷರ್ ಒಂದು ಸ್ಟಾಪು ಜಾಸ್ತಿ ಇಟ್ಟರೆ ಬಿಳಿ ಬಿಳಿಯಾಗೇ ಬರುತ್ತೆ. ಟೊರಾಂಟೊ ಹಿಮಕ್ಕೂ ಇದೇ ಲೆಕ್ಕ, ಹನಕೆರೆ ಚೌಳಿಗೂ ಇದೇ ಲೆಕ್ಕ.

ನಾನು ಹೀಗೆ ಮಂಡಿ ಊರಿ ಕೂತಿದ್ದಾಗ ಚಿಕ್ಕಪ್ಪ ಬಂದರು. ಗದ್ದೆ ಅವರ ಪಾಲಿನದು. ಸ್ವಲ್ಪ ಹೊತ್ತು ನಿಂತು ನೋಡಿದರು.

"ಲೇ ಮಗ, ಏನ್ ಚೆಂದ ಅಂತ ಅದುನ್ ಫೋಟೋ ಹೊಡೀತಿದ್ದೀಯ? ನೋಡ್ದೋರು ನಗ್ತಾರೆ ಕಣ್ಲಾ. ಆ ಮ್ಯಾಗಡೆ ಗದ್ದೇಲಿ ಕಬ್ಬು ಹೆಂಗೈತೆ, ಅದುನ್ ಹೊಡಿಯಪ್ಪ."

ನಾನು ಚೆನ್ನಾಗಿ ಕಾಣ್ತಿದೆ ಚಿಕ್ಕಪ್ಪ, ಹಿಮ ಥರ ಇದೆ ಅಂದೆ. ಅವರು ನಗಲಿಲ್ಲ. "ನಿಮ್ಮ ತಾತ ಇಲ್ಲಿ ಎರಡಾಳುದ್ದ ಕಬ್ಬು ಬೆಳೀತಿತ್ತು" ಅಂದು ಹೊರಟುಹೋದರು.

ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡೆ. ಆ ಮಾತು ಮಾತ್ರ ತಲೇಲಿ ಕೂತಿತು. ಎರಡಾಳುದ್ದ ಕಬ್ಬು ಬೆಳೀತಿದ್ದ ನೆಲ ಬೆಳ್ಳಗಾದದ್ದು ಯಾವಾಗ? ಹುಡುಕ್ತಾ ಹೋದೆ.

ಮೊದಲನೇ ವಿಷಯ, ಚೌಳು ಹೊಸದೇನಲ್ಲ. ನಾಲೆ ಬರೋಕೆ ನೂರಾರು ವರ್ಷ ಮುಂಚೆಯೂ ಈ ನಾಡಿನ ತಗ್ಗುಗಳಲ್ಲಿ, ಹಳ್ಳದ ಬದಿಗಳಲ್ಲಿ ಇತ್ತು. ಆಗ ಅದು ರೋಗ ಆಗಿರಲಿಲ್ಲ, ಸರಕಾಗಿತ್ತು! ಅಗಸರು ಚೌಳು ಮಣ್ಣು ಗೋರಿ ತಂದು, ನೀರಲ್ಲಿ ಕದಡಿ, ಬಟ್ಟೆ ನೆನೆಸಿ ಉಬ್ಬೆ ಹಾಕ್ತಿದ್ದರು. ಸೋಡಾ ಸೋಪು ಕಾಣದ ಕಾಲಕ್ಕೆ ಅದೇ ಸೋಡಾ. ಉಪ್ಪಾರರು ಬೇಸಿಗೇಲಿ ಉಪ್ಪು ಮಣ್ಣು ಕೆರೆದು ಗುಡ್ಡೆ ಹಾಕಿ, ನೀರು ಹುಯ್ದು ಬಸಿದು, ಆ ನೀರನ್ನ ಬಿಸಿಲಿಗೆ ಇಂಗಿಸಿ ಅಡುಗೆ ಉಪ್ಪು ಮಾಡ್ತಿದ್ದರು. ಜಾತಿಯ ಹೆಸರೇ ಆ ಕಸುಬಿನದು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯವರು ನಾಡಿನ ಲೆಕ್ಕ ತಗೊಳ್ಳೋಕೆ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನ ಕಳಿಸಿದ್ದರು. ಬೆಂಗಳೂರಿಂದ ಇದೇ ಮದ್ದೂರು-ಮಂಡ್ಯದ ದಾರೀಲೇ ಆತ ಶ್ರೀರಂಗಪಟ್ಟಣಕ್ಕೆ ಹೋದದ್ದು. 1807ರಲ್ಲಿ ಅಚ್ಚಾದ ಅವನ ಪ್ರವಾಸದ ಪುಸ್ತಕದಲ್ಲಿ ಮಣ್ಣಿಂದ ಉಪ್ಪು ತೆಗೆಯೋ ವಿಚಾರ ಇದೆ. ಹೊಸದುರ್ಗ ಕಡೆಯ ಮತ್ತೋಡಿನಲ್ಲಿ ನೆಲದ ಸೋಡಾದಿಂದ ಗಾಜು ಕಾಯಿಸಿ ಬಳೆ ಮಾಡ್ತಿದ್ದ ವಿಚಾರವೂ ಇದೆ. ಅಂದರೆ ನಮ್ಮ ಅಜ್ಜಿಯರ ಅಜ್ಜಿಯರು ಈ ಬಿಳೀ ಮಣ್ಣನ್ನ ಉಂಡಿದ್ದಾರೆ, ಅದರಲ್ಲಿ ಬಟ್ಟೆ ಒಗೆದಿದ್ದಾರೆ, ಕೈಗೂ ತೊಟ್ಟಿದ್ದಾರೆ.

ಆಗೆಲ್ಲಾ ಚೌಳು ಅಲ್ಲೊಂದು ಇಲ್ಲೊಂದು ತುಂಡು. ಸುತ್ತ ಇದ್ದದ್ದು ರಾಗಿ, ಹುರುಳಿ, ಅವರೆ ಬೆಳೆಯೋ ಕೆಂಪು ಬೆದ್ದಲು. ಕೆರೆ ಕೆಳಗೆ ಮಾತ್ರ ಒಂದಿಷ್ಟು ಭತ್ತ. ಈಗ ಸಕ್ಕರೆ ನಾಡು ಅಂತ ಎದೆ ಉಬ್ಬಿಸೋ ಮಂಡ್ಯ ನೂರು ವರ್ಷದ ಹಿಂದೆ ಒಣ ಸೀಮೆ ಅಂದರೆ ಹೊಸಬರು ನಂಬೋದೇ ಇಲ್ಲ.

ಬದಲಾದದ್ದು ಕನ್ನಂಬಾಡಿಯಿಂದ. 1911ರಲ್ಲಿ ಕಟ್ಟೆ ಕೆಲಸ ಶುರುವಾಗಿ ಮುಗಿಯೋಕೆ ಇಪ್ಪತ್ತು ವರ್ಷ ಹಿಡೀತು. ಕಟ್ಟೆ ಅಂದರೆ ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಡೆಗೆ ನೀರು ತಂದದ್ದು ಕಟ್ಟೆ ಅಷ್ಟೇ ಅಲ್ಲ, ನಾಲೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕಡಿದ ಅದಕ್ಕೆ ಆಗಿನ ವೈಸರಾಯ್ ಹೆಸರಿಟ್ಟು ಇರ್ವಿನ್ ನಾಲೆ ಅಂತ ಕರೆದರು, ಈಗ ಅದು ವಿಶ್ವೇಶ್ವರಯ್ಯ ನಾಲೆ. ನಮ್ಮೂರ ಕಡೆ ವಿ.ಸಿ. ನಾಲೆ ಅಂತಲೇ ಬಳಕೆ. ಹುಲಿಕೆರೆ ಹತ್ತಿರ ಗುಡ್ಡದ ಒಳಗೆ ಹತ್ತಿರ ಹತ್ತಿರ ಮೂರು ಕಿಲೋಮೀಟರ್ ಸುರಂಗ ಕೊರೆದು ಕಾವೇರಿ ನೀರನ್ನ ಈ ಕಡೆ ತಂದರು. ಒಂದು ಲಕ್ಷ ಎಕರೆಗೂ ಹೆಚ್ಚು ಬೆದ್ದಲು ನೀರು ಕಂಡಿತು.

ನೀರೇನೋ ಬಂತು, ಬೆಳೆಯೋದು ಏನನ್ನ? ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಲೆಸ್ಲಿ ಕೋಲ್ಮನ್. 1878ರಲ್ಲಿ ಕೆನಡಾದ ಆಂಟಾರಿಯೊದಲ್ಲಿ ಹುಟ್ಟಿ, ಟೊರಾಂಟೊದಲ್ಲಿ ಓದಿ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದವರು. ಮಲೆನಾಡಿನ ಅಡಿಕೆಗೆ ಬರ್ತಿದ್ದ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯೋದನ್ನ ಕಲಿಸಿದವರು ಇವರೇ. ಕೃಷಿ ಇಲಾಖೆಯ ನಿರ್ದೇಶಕರಾಗಿ ಮಂಡ್ಯಕ್ಕೆ ಕಬ್ಬೇ ಸರಿ, ಕಬ್ಬಿಗೆ ಕಾರ್ಖಾನೆ ಬೇಕು ಅಂತ ಹಿಡಿದು ಕೂತರು. 1931ರಲ್ಲಿ ಮಂಡ್ಯದ ಹತ್ತಿರ ಇರ್ವಿನ್ ಕೆನಾಲ್ ಫಾರಂ ಶುರುವಾಯ್ತು, ಈಗ ವಿ.ಸಿ. ಫಾರಂ ಅಂತೀವಲ್ಲ ಅದೇ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯ್ತು. ನನ್ನ ಅಕ್ಕನ ಮಗ ಈಗ ಯಾವ ಹಿಮದ ಫೋಟೋ ತೆಗೀತಿದ್ದಾನೋ ಆ ಸೀಮೆಯ ಮನುಷ್ಯ ನಮ್ಮೂರಿಗೆ ಕಬ್ಬು ತಂದದ್ದು! ಇದನ್ನ ಅವನಿಗೆ ಹೇಳಿದಾಗ ಒಂದು ನಿಮಿಷ ಮಾತೇ ಆಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಇಷ್ಟು ಯೋಚನೆ ಮಾಡಿದ ಜನಕ್ಕೆ ನೀರು ಹೆಚ್ಚಾದರೆ ಚೌಳು ಬರುತ್ತೆ ಅಂತ ಗೊತ್ತಿರಲಿಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಗೊತ್ತಿತ್ತು. ಚೆನ್ನಾಗೇ ಗೊತ್ತಿತ್ತು.

ವಿಶ್ವೇಶ್ವರಯ್ಯನವರು ಮೈಸೂರಿಗೆ ಬರೋಕೆ ಮುಂಚೆ ಮುಂಬಯಿ ಪ್ರಾಂತ್ಯದಲ್ಲಿ ಇಂಜಿನಿಯರ್ ಆಗಿದ್ದರು. ಪುಣೆ ಕಡೆ ನೀರಾ ನದಿಯ ನಾಲೆ ಅವರ ಕೈಕೆಳಗಿತ್ತು. ಅಲ್ಲಿ ನಾಲೆ ನೀರು ಬಂದ ಮೇಲೆ ಎಲ್ಲರೂ ಕಬ್ಬಿಗೆ ಬಿದ್ದು, ಬೇಕೋ ಬೇಡವೋ ನೀರು ಹಾಯಿಸಿ, ತಗ್ಗಿನ ಭೂಮಿ ಜೌಗು ಹಿಡೀತಿತ್ತು. ಅಲ್ಲಿನ ಚೌಳು ಎಷ್ಟು ಹಬ್ಬಿತ್ತು ಅಂದರೆ ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾನೆ ಅನ್ನೋ ಇಬ್ಬರು ವಿಜ್ಞಾನಿಗಳು 1910ರಲ್ಲಿ ನೀರಾ ಕಣಿವೆಯ ಚೌಳು ಭೂಮಿಯ ಬಗ್ಗೆಯೇ ಒಂದು ವರದಿ ಬರೆದರು. ಅದಕ್ಕೂ ಹತ್ತು ವರ್ಷ ಮುಂಚೆ, 1900ರ ಆಸುಪಾಸಿನಲ್ಲಿ, ವಿಶ್ವೇಶ್ವರಯ್ಯ ಅಲ್ಲಿ ಬ್ಲಾಕ್ ಪದ್ಧತಿ ತಂದಿದ್ದರು. ಭೂಮಿಯನ್ನ ಬ್ಲಾಕು ಬ್ಲಾಕಾಗಿ ಹಂಚೋದು, ಒಂದು ಬ್ಲಾಕಿನಲ್ಲಿ ಇಷ್ಟು ಭಾಗ ಮಾತ್ರ ಕಬ್ಬು, ಉಳಿದದ್ದು ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಬದಲಾಯಿಸ್ತಾ ಹೋಗೋದು. ಇದರಿಂದ ನೀರು ಹೆಚ್ಚು ಜನಕ್ಕೆ ಸಿಗುತ್ತೆ. ಯಾವ ನೆಲವೂ ವರ್ಷಾನುಗಟ್ಟಲೆ ನೀರಲ್ಲೇ ಕೂರೋದಿಲ್ಲ, ಮೈ ಆರಿಸಿಕೊಳ್ಳೋಕೆ ಬಿಡುವು ಸಿಗುತ್ತೆ.

ಇರ್ವಿನ್ ನಾಲೆಗೂ ಇದೇ ಪದ್ಧತಿ ತಂದರು. ಮೂರು ವರ್ಷದ ಸುತ್ತು. ಒಂದು ವರ್ಷ ಕಬ್ಬು, ಒಂದು ವರ್ಷ ಭತ್ತ, ಒಂದು ವರ್ಷ ರಾಗಿಯಂಥ ಅರೆನೀರಾವರಿ ಬೆಳೆ. ನಮ್ಮ ತಾತ "ಈ ವರ್ಸ ನಮ್ಮ ಬ್ಲಾಕ್ಗೆ ಕಬ್ಬು ಬತ್ತದೆ" ಅಂತ ಮದುವೆ ಖರ್ಚಿನ ಲೆಕ್ಕ ಹಾಕ್ತಿದ್ದರಂತೆ. ಬ್ಲಾಕು ಅನ್ನೋ ಇಂಗ್ಲಿಷ್ ಪದ ಓದುಬರಹ ಬಾರದ ನಮ್ಮ ತಾತನ ಬಾಯಲ್ಲಿ ಹ್ಯಾಗೆ ಬಂತು ಅಂತ ನಾನು ಚಿಕ್ಕವನಿದ್ದಾಗ ಯೋಚನೆ ಮಾಡಿರಲಿಲ್ಲ. ಈಗ ಗೊತ್ತಾಯ್ತು, ಅದು ಪುಣೆಯಿಂದ ಬಂದ ಪದ.

ಆ ಸುತ್ತು ನಿಧಾನಕ್ಕೆ ಕಳಚಿಕೊಂಡಿತು. ಯಾರೋ ಒಬ್ಬರು ಬಂದು ಕೆಡಿಸಿದ್ದಲ್ಲ. ಮೊದಲು ರಾಗಿಯ ವರ್ಷ ಹೋಯ್ತು. ನಾಲೆ ನೀರು ಬಾಗಿಲಲ್ಲಿ ಹರೀತಿದ್ದರೆ ರಾಗಿ ಯಾರು ಹಾಕ್ತಾರೆ? ಆಮೇಲೆ ಕಬ್ಬು ಕಡಿದ ಮೇಲೆ ಕೂಳೆ ಬಿಟ್ಟರು, ಕೂಳೆ ಮೇಲೆ ಕೂಳೆ. ಮೇಲಿನ ಗದ್ದೆಯೋರು ಹಾಯಿಸಿದ ನೀರು ಬಸಿದು ತಗ್ಗಿನ ಗದ್ದೆಗೆ ಇಳೀತು. ಬಸಿಗಾಲುವೆ ಇದ್ದ ಕಡೆ ಹೂಳು ತುಂಬಿತು, ಕೆಲವರು ಮುಚ್ಚಿ ಉತ್ತುಕೊಂಡರು. ನಮ್ಮ ಮೇಲಿನ ಗದ್ದೇಲಿ ಇದ್ದ ಬಸಿಗಾಲುವೆಯನ್ನ ಮುಚ್ಚಿದ್ದು ನಮ್ಮ ಅಪ್ಪನೇ. ಎರಡು ಸಾಲು ಕಬ್ಬು ಜಾಸ್ತಿ ಬರುತ್ತೆ ಅಂತ. ಅವರು ಬದುಕಿದ್ದಾಗ ಇದನ್ನ ಕೇಳೋಷ್ಟು ಬುದ್ಧಿ ನನಗೆ ಬಂದಿರಲಿಲ್ಲ.

ನೆಲದೊಳಗೆ ಆಗೋದು ಇಷ್ಟೇ. ಸೀಮೆಎಣ್ಣೆ ಬುಡ್ಡಿ ಬತ್ತಿ ಎಣ್ಣೆಯನ್ನ ಹೇಗೆ ಮೇಲಕ್ಕೆ ಎಳೆಯುತ್ತೋ ಹಾಗೆ ಮಣ್ಣೂ ನೀರನ್ನ ಎಳೆಯುತ್ತೆ. ಒಳಗಿನ ನೀರು ಆಳದಲ್ಲಿದ್ದರೆ ಚಿಂತೆ ಇಲ್ಲ, ಮೇಲಿನವರೆಗೆ ಎಳೆಯೋಕೆ ಮಣ್ಣಿಗೆ ಶಕ್ತಿ ಸಾಲದು. ನೀರು ಹೆಚ್ಚಾಗಿ ಒಳಗಿನ ಮಟ್ಟ ಎರಡು ಮೊಳ ಮೂರು ಮೊಳಕ್ಕೆ ಬಂತು ಅಂದರೆ ಬತ್ತಿ ಹತ್ತಿಕೊಂಡಂಗೆ. ನೀರು ಮೇಲೆ ಬಂದು ಆವಿಯಾಗುತ್ತೆ, ಅದರಲ್ಲಿ ಕರಗಿದ್ದ ಉಪ್ಪು ಮೇಲೇ ಉಳಿಯುತ್ತೆ. ಕಾವೇರಿಯದು ಸಿಹಿನೀರೇ, ಆದರೆ ಎಂಥ ಸಿಹಿನೀರಲ್ಲೂ ಚೂರು ಉಪ್ಪು ಇರುತ್ತೆ. ನಮ್ಮ ಕಡೆಯ ಕಲ್ಲು ಕರಗಿ ಮಣ್ಣಾಗುವಾಗಲೂ ಒಂದಿಷ್ಟು ಬಿಡುತ್ತೆ. ಮಳೆಗಾಲದಲ್ಲಿ ಅದು ಕೆಳಗಿಳಿದು ಕಾಣೋಲ್ಲ. ಮಳೆ ನಿಂತು ಒಣ ಗಾಳಿ ಶುರುವಾದ ಮೇಲೆ, ಇದೇ ಚಳಿಗಾಲದಲ್ಲಿ, ಮೇಲೆದ್ದು ಬೆಳ್ಳಗೆ ಕಾಣುತ್ತೆ.

ನಕಾಯ ಹೇಳಿದ್ದು ನೆನಪಿದೆಯಲ್ಲ? ಹಿಮದ ಹರಳು ಮೇಲಿನ ಸುದ್ದಿ ಹೇಳಿದರೆ ನಮ್ಮ ಚೌಳು ಕೆಳಗಿನ ಸುದ್ದಿ ಹೇಳುತ್ತೆ. ನನ್ನ ಫೋಟೋಗಳನ್ನೇ ಮತ್ತೆ ಹರಡಿಕೊಂಡು ಓದೋಕೆ ಕೂತೆ. ದಿಣ್ಣೆ ಬಿಳಿ, ಸಾಲು ಕಪ್ಪು ಅಂತ ಖುಷಿಯಾಗಿ ತೆಗೆದಿದ್ದೆನಲ್ಲ, ನೀರು ಎತ್ತರದ ತುದಿಗೆ ಏರಿ ಅಲ್ಲಿ ಆರೋದರಿಂದ ಉಪ್ಪು ದಿಣ್ಣೆ ತಲೆ ಮೇಲೇ ಸೇರುತ್ತೆ. ಅದಕ್ಕೇ ಚೌಳು ನೆಲದಲ್ಲಿ ಬಿತ್ತೋದು ದಿಣ್ಣೆ ನೆತ್ತಿಗಲ್ಲ, ಪಕ್ಕೆಗೆ ಬಿತ್ತಬೇಕು. ಕೂಳೆ ಸುತ್ತಿನ ಬಿಳಿ ಬಳೆ ಅಂದರೆ ಆ ಒಣಗಿದ ಕೂಳೆಯೇ ಬತ್ತಿಯಾಗಿ ನೀರು ಎಳೀತಿದೆ ಅಂತ. ಕಾಲಿಟ್ಟರೆ ಕುಸಿಯೋ ಹಿಟ್ಟಿನ ಮಣ್ಣು ಅಂದರೆ ಸೋಡಿಯಂ ಸಲ್ಫೇಟ್ ತಣ್ಣನೆ ರಾತ್ರೀಲಿ ಹರಳಾಗಿ ಉಬ್ಬಿ, ಹಗಲು ನೀರು ಬಿಟ್ಟು ಪುಡಿಯಾಗಿ ಮಣ್ಣನ್ನ ಸಡಿಲ ಮಾಡಿದೆ ಅಂತ. ಒಂದು ಮೂಲೇಲಿ ಎಣ್ಣೆ ಚೆಲ್ಲಿದಂಗೆ ಕಪ್ಪು ಕಲೆ ಇತ್ತು, ಫೋಟೋಕ್ಕೆ ಒಳ್ಳೇ ಕಾಂಟ್ರಾಸ್ಟು ಅಂತ ಅದನ್ನೂ ತೆಗೆದಿದ್ದೆ. ಅದು ಕರಿ ಚೌಳು. ಸೋಡಿಯಂ ಕಾರ್ಬೊನೇಟ್ ಮಣ್ಣಿನ ಸತ್ವವನ್ನೇ ಕರಗಿಸಿ ಮೇಲೆ ತಂದು ಕಪ್ಪಾಗಿರೋದು. ಬಿಳಿ ಚೌಳಿಗೆ ನೀರು ಕಟ್ಟಿ ಉಪ್ಪು ತೊಳೆದು ಬಸಿದು ಹೋಗೋಕೆ ದಾರಿ ಬಿಟ್ಟರೆ ಸಾಕು. ಕರಿ ಚೌಳಿಗೆ ಅಷ್ಟೇ ಸಾಲದು, ಜಿಪ್ಸಂ ಹಾಕಬೇಕು. ನಾನು ಚೆಂದ ಅಂತ ತೆಗೆದ ಫೋಟೋ ಆಸ್ಪತ್ರೆಯಲ್ಲಿ ತೆಗೆಯೋ ಎಕ್ಸ್‌ರೇ ಥರ ಆಗಿಹೋಯ್ತು.

ಇಷ್ಟನ್ನ ಚಿಕ್ಕಪ್ಪನಿಗೆ ಹೇಳಿದೆ. ಕೇಳಿಸಿಕೊಂಡರು. ಆದರೆ ಅವರ ತಲೇಲಿ ಬೇರೆ ಲೆಕ್ಕ ಇತ್ತು. 2023ರ ಮಾರ್ಚಿನಲ್ಲಿ ಪಕ್ಕದ ಗೆಜ್ಜಲಗೆರೇಲಿ ಪ್ರಧಾನಿ ಬಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆ ಮಾಡಿ ಹೋದ ಮೇಲೆ ನಮ್ಮ ಕಡೆ ಜಮೀನು ಕೇಳಿಕೊಂಡು ಬರೋರು ಜಾಸ್ತಿಯಾದರು. "ಚೌಳಾದ್ರೆ ಏನ್ ಗೌಡ್ರೆ, ಸೈಟ್ಗೆ ಕಬ್ಬು ಬೆಳೀಬೇಕಾ" ಅಂತ ಒಬ್ಬ ಕೇಳಿದನಂತೆ. ಮಾತು ನಿಜವೇ. ಬೆಳೆ ಕೊಡದ ನೆಲ ದುಡ್ಡು ಕೊಟ್ಟರೆ ಬೇಡ ಅನ್ನೋಕೆ ನಾನು ಯಾರು? ನಾನು ಬೆಂಗಳೂರಲ್ಲಿ ಸಂಬಳ ತಗೊಂಡು ವಾರಕ್ಕೊಮ್ಮೆ ಕ್ಯಾಮೆರಾ ಹಿಡಕೊಂಡು ಬರೋನು.

ಹಾಗಾಗಿ ನಾನು ಬಾಯಿ ಮುಚ್ಚಿಕೊಂಡು ಒಂದೇ ಕೆಲಸ ಮಾಡಿದೆ. ಬದುವಿನ ಮೇಲಿನ ಹೊಂಗೆ ಮರದ ಬುಡದಲ್ಲಿ, ಅದೇ ಜಾಗದಲ್ಲಿ ನಿಂತು ಸಂಕ್ರಾಂತಿ ಆದ ವಾರ ಪ್ರತಿ ವರ್ಷ ಒಂದೊಂದು ಫೋಟೋ ತೆಗೆದೆ.

2023ರದ್ದು ಮೊದಲನೇದು, ಗದ್ದೆ ಬಹುಪಾಲು ಬಿಳಿ. ಆ ವರ್ಷ ಮಳೆ ಕೈಕೊಟ್ಟಿತು, ಕನ್ನಂಬಾಡಿ ತುಂಬಲಿಲ್ಲ, ಕಾವೇರಿ ಗಲಾಟೆ ಎಲ್ಲಾ ನಿಮಗೆ ನೆನಪಿರುತ್ತೆ. ನಾಲೇಲಿ ನೀರು ಬರೋದೇ ಕಷ್ಟ ಆಯ್ತು. 2024ರ ಜನವರೀಲಿ ಅದೇ ಜಾಗಕ್ಕೆ ಹೋದರೆ ಬಿಳಿ ಅರ್ಧಕ್ಕೂ ಕಮ್ಮಿ! ಊರೆಲ್ಲಾ ಬೆಳೆ ಒಣಗಿತು ಅಂತ ಸಂಕಟಪಡ್ತಿರೋವಾಗ ನಮ್ಮ ಕೆಟ್ಟ ಗದ್ದೆ ಮಾತ್ರ ಸ್ವಲ್ಪ ಸುಧಾರಿಸಿಕೊಂಡಿತ್ತು. 2024ರ ಜುಲೈನಲ್ಲಿ ಕಟ್ಟೆ ತುಂಬಿತು, ನಾಲೆ ಭರ್ತಿ ಹರೀತು. 2025ರ ಜನವರೀಲಿ ಮತ್ತೆ ಬಿಳಿ, ಮೊದಲಿಗಿಂತ ಒಂದು ಕೈ ಜಾಸ್ತಿ.

ಮೂರನ್ನೂ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚಿಕ್ಕಪ್ಪನ ಜಗಲಿ ಮೇಲೆ ಸಾಲಾಗಿ ಇಟ್ಟೆ. ಏನೂ ಹೇಳಲಿಲ್ಲ. ಅವರು ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ನಡುವಿನದನ್ನ ಕೈಗೆ ತಗೊಂಡು, "ಇದು ನೀರು ಬರ್ದೇ ಇದ್ದ ವರ್ಸದ್ದಾ?" ಅಂದರು. ಹೂಂ ಅಂದೆ. "ಹಂಗಾದ್ರೆ ರೋಗ ನೆಲುಕ್ಕಲ್ಲ ಕಣ್ಲಾ, ನೀರ್ ನಿಂತಿರದ್ಕೆ" ಅಂದರು. ಇಷ್ಟು ದಿನ ಪುಸ್ತಕ ಓದಿ ನಾನು ಕಲಿತದ್ದನ್ನ ಅವರು ಫೋಟೋ ನೋಡಿ ಒಂದು ಮಾತಲ್ಲಿ ಹೇಳಿಬಿಟ್ಟರು.

ನೀರು ನಿಂತಿದ್ದರೆ ಬಿಡಿಸಬೇಕು. ಬಿಡಿಸೋಕೆ ಬಸಿಗಾಲುವೆ ಬೇಕು. ಕಾಲುವೆ ನಮ್ಮ ಗದ್ದೇಲಿ ಮಾತ್ರ ತೆಗೆದರೆ ಆಗೋಲ್ಲ, ಹಳ್ಳ ಸೇರೋವರೆಗೆ ಕೆಳಗಿನ ನಾಲ್ಕು ಜನದ ಗದ್ದೆ ದಾಟಬೇಕು. ಚಿಕ್ಕಪ್ಪ ಫೋಟೋಗಳನ್ನ ಚೀಲಕ್ಕೆ ಹಾಕಿಕೊಂಡು ನಾಲ್ಕೂ ಮನೆಗೆ ಹೋದರು. ಇಬ್ಬರು ತಕ್ಷಣ ಒಪ್ಪಿದರು, ಅವರ ಗದ್ದೆ ಅಂಚೂ ಬೆಳ್ಳಗಾಗ್ತಿತ್ತು. ಒಬ್ಬರು ಒಂದು ತಿಂಗಳು ಸತಾಯಿಸಿ ಒಪ್ಪಿದರು. ಕೊನೆಯವರು ಮಾತ್ರ ಜಪ್ಪಯ್ಯ ಅನ್ನಲಿಲ್ಲ, ಅವರ ಬದು ಸುತ್ತಿಕೊಂಡು ಕಾಲುವೆ ತಿರುಗಿಸಬೇಕಾಯ್ತು. 2025ರ ಬೇಸಿಗೇಲಿ ಜೆಸಿಬಿ ತರಿಸಿ ಎದೆಮಟ್ಟ ತೋಡಿಸಿದರು. ತೋಡುವಾಗ ನಮ್ಮ ಮೇಲಿನ ಗದ್ದೇಲಿ ಹಳೇ ಬಸಿಗಾಲುವೆಯ ಕಲ್ಲುಕಟ್ಟಡ ಸಿಕ್ಕಿತು. ಅಪ್ಪ ಮುಚ್ಚಿದ್ದು. ಚಿಕ್ಕಪ್ಪ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಇಬ್ಬರೂ ಏನೂ ಆಡಲಿಲ್ಲ.

ಕರಿ ಚೌಳಿನ ಮೂಲೆಗೆ ಜಿಪ್ಸಂ ಹಾಕಿ, ಮಳೆ ಶುರುವಾದ ಮೇಲೆ ಡಯಾಂಚ ಚೆಲ್ಲಿ ಹೂವಿಗೆ ಬರೋ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸಿದರು. ಹೊಂಗೆ ಸೊಪ್ಪನ್ನೂ ಹಾಕಿ ತುಳಿಸಿದರು. ಜಮೀನು ಕೇಳಿದವನಿಗೆ "ಒಂದೆರಡು ವರ್ಸ ತಡೀರಿ, ನೋಡುಮ" ಅಂದಿದ್ದಾರೆ. ಕೊಡೋಲ್ಲ ಅಂತ ಹೇಳಿಲ್ಲ, ಅದನ್ನೂ ಬರೆದುಬಿಡ್ತೀನಿ. ಚೌಳು ಹಿಡಿದ ನೆಲ ಒಂದೇ ವರ್ಷಕ್ಕೆ ಸರಿಹೋಗೋದಲ್ಲ, ಗೆದ್ದುಬಿಟ್ಟೆವು ಅಂತ ಹೇಳೋಕೆ ನನಗೂ ಧೈರ್ಯ ಇಲ್ಲ. ಹೊಂಗೆ ಮರದ ಬುಡದಲ್ಲಿ ನಿಂತು ಇನ್ನೂ ಕೆಲವು ಸಂಕ್ರಾಂತಿ ಫೋಟೋ ತೆಗೆದಾಗಲೇ ಗೊತ್ತಾಗಬೇಕು.

ಅಕ್ಕನ ಮಗನಿಗೆ ಮೊದಲನೇ ವರ್ಷದ ಒಂದು ಫೋಟೋ ಕಳಿಸಿದ್ದೆ, ಏನು ಅಂತ ಹೇಳದೆ. "ವಾವ್ ಮಾವ, ಯಾವ ಊರಿನ ಹಿಮ?" ಅಂತ ಬರೆದಿದ್ದ. ನಮ್ಮ ತಗ್ಗಿನ ಗದ್ದೆ ಕಣೋ, ನಿನ್ನ ಮುತ್ತಾತ ಕಬ್ಬು ಬೆಳೆದದ್ದು ಅಂತ ಬರೆದೆ. ಈಗ ಅವನು ಪ್ರತಿ ಜನವರೀಲೂ ಹಿಮದ ಫೋಟೋ ಜೊತೆ ಒಂದು ಪ್ರಶ್ನೆ ಕಳಿಸ್ತಾನೆ. "ಗದ್ದೆ ಹೆಂಗಿದೆ? ಬಿಳಿ ಕಮ್ಮಿ ಆಯ್ತಾ?"

ಹಿಮದ ಫೋಟೋ ತೆಗೆಯೋರಿಗೆ ಹಿಮ ಬೀಳಲಿ ಅಂತ ಆಸೆ ಇರುತ್ತೆ. ನನ್ನ ಹಿಮ ಕರಗಿಹೋಗಲಿ, ಮುಂದೆ ನನಗೆ ಫೋಟೋಕ್ಕೆ ಏನೂ ಸಿಗದೇ ಹೋಗಲಿ ಅಂತ ನನ್ನಾಸೆ. ನಿಮ್ಮೂರ ನಾಲೆ ಕೆಳಗೂ ಇಂಥ ಬಿಳಿ ಗದ್ದೆ ಇದ್ದರೆ ಒಂದು ಮರ ಗುರುತು ಇಟ್ಟುಕೊಳ್ಳಿ, ಪ್ರತಿ ವರ್ಷ ಅಲ್ಲೇ ನಿಂತು ಒಂದು ಫೋಟೋ ತೆಗೀರಿ. ಫೋನಿನಲ್ಲಿ ತೆಗೆದರೂ ಸಾಕು. ಮೂರು ವರ್ಷ ಆದ ಮೇಲೆ ಮನೆಯ ಹಿರಿಯರಿಗೆ ತೋರಿಸಿ. ಏನಂದರು ಅಂತ ನನಗೂ ತಿಳಿಸಿ.